ಅಳುವ ಹಬ್ಬಗಳ ಪರವಾಗಿ

ಬೈಲಹೊಂಗಲದಲ್ಲಿ, ರಾಣಿ ಚೆನ್ನಮ್ಮನ ಸಮಾಧಿಯಿಂದ ಅನತಿದೂರದಲ್ಲಿ ನಡೆದ ಸಭೆಯೊಂದರಲ್ಲಿ ವಿದ್ವಾಂಸರೊಬ್ಬರು, ಬಾಳಬೇಕೆನ್ನುವ ಜನಾಂಗವು ವಿಜಯಗಳನ್ನು ನೆನೆಯಬೇಕೇ ಹೊರತು ಸಾವುಗಳನ್ನಲ್ಲವೆಂದೂ, ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರ ಗೆಲವನ್ನು ಉತ್ಸವವಾಗಿ ಆಚರಿಸಿದರೆ ಸಾಕು, 1829ರಲ್ಲಿ ಆಕೆ ಇಲ್ಲಿ ಸೆರೆಯಲ್ಲಿ ತೀರಿಕೊಂಡುದನ್ನು ಕೆದಕುವುದು ವ್ಯರ್ಥವೆಂದೂ, ಅಳುವುದಕ್ಕೆಂದೇ ತಿಥಿಗಳನ್ನು ಗೊತ್ತುಮಾಡಿಕೊಂಡಿರುವ ಯೆಹೂದ್ಯರಂಥವರ ಎದೆಯಲ್ಲಿ ದ್ವೇಷವಲ್ಲದೆ ಬೇರೇನೂ ಬೆಳೆಯದೆಂದೂ ಅಪ್ಪಣೆ ಕೊಡಿಸಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂದಿತು. ಸಿಟ್ಟೊಂದೇ ವಾದವಾಗದು ಎಂಬ ಕಾರಣಕ್ಕೆ ಈ ಬರೆಹ.

ತಮ್ಮೂಜ್ ಮಾಸದ 17ರಿಂದ ಆವ್ ಮಾಸದ 9ರವರೆಗಿನ ಮೂರು ವಾರ ಯೆಹೂದ್ಯರಿಗೆ ಶೋಕಕಾಲ. ಆಗ ಮದುವೆಗಳಿಲ್ಲ, ಕೊನೆಯ ದಿನ ಉಪವಾಸವಿದ್ದು, ಚರ್ಮದ ಪಾದರಕ್ಷೆಗಳನ್ನು ಕಳಚಿ, ನೆಲದ ಮೇಲೆ ಕುಳಿತು, ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರೂ ಕ್ರಿ.ಶ. 70ರಲ್ಲಿ ರೋಮನರೂ ಕೆಡವಿದ ಜೆರುಸಲೇಮಿನ ದೇವಾಲಯಗಳಿಗಾಗಿ ಪ್ರಲಾಪಿಸುತ್ತಾರೆ. ವಿದ್ವಾಂಸರ ಮಾತು ನಿಜವಾಗಿದ್ದಲ್ಲಿ ಆ ಪ್ರಲಾಪದ ತುಂಬ ರೋಮಿಗೆ ಶಾಪವೇ ಇರಬೇಕಾಗಿತ್ತು. ಆದರೆ ಅವರ ಧರ್ಮಗ್ರಂಥವಾದ ತಾಲ್ಮೂದಿನ ಹಿರಿಯರು, ಎರಡನೆಯ ದೇವಾಲಯ ಬಿದ್ದುದಕ್ಕೆ ತಮ್ಮವರೊಳಗಿನ ನಿಷ್ಕಾರಣ ದ್ವೇಷವೇ ಹೇತುವೆಂದರು. ಔತಣಕ್ಕೆ ಕಣ್ತಪ್ಪಿನಿಂದ ಕರೆಬಂದ ವೈರಿಯೊಬ್ಬನು, ಔತಣದ ಸಮಸ್ತ ವೆಚ್ಚವನ್ನೂ ತಾನೇ ತೆರುವೆನು, ನಾಲ್ವರೆದುರು ಅವಮಾನ ಮಾಡಬೇಡವೆಂದು ಬೇಡಿಕೊಂಡರೂ ಯಜಮಾನನು ಅವನನ್ನು ಹೊರದೂಡಿದನೆಂದೂ, ಪಂಕ್ತಿಯಲ್ಲಿದ್ದ ಪಂಡಿತರು ಬಾಯಿ ಬಿಡಲಿಲ್ಲವೆಂದೂ, ಪುರದ ನಾಶವು ಅಲ್ಲಿಂದ ಮೊದಲಾಯಿತೆಂದೂ ಕಥೆಯನ್ನೇ ಹೇಳಿದರು. ನಿಷ್ಕಾರಣ ದ್ವೇಷ ಕೆಡವಿದುದನ್ನು ನಿಷ್ಕಾರಣ ಪ್ರೀತಿ ಕಟ್ಟಬೇಕೆಂದು ಕಳೆದ ಶತಮಾನದಲ್ಲಿ ರಬ್ಬಿ ಅಬ್ರಹಾಂ ಐಸಾಕ್ ಕುಕ್ ಬೋಧಿಸಿದರು. ಆ ಶೋಕ ಮುಗಿದ ಆರನೆಯ ದಿನ ಜೆರುಸಲೇಮಿನ ಕನ್ಯೆಯರು ಬಿಳಿಯ ಉಡುಪು ತೊಟ್ಟು ದ್ರಾಕ್ಷಿಯ ತೋಟಗಳಲ್ಲಿ ಕುಣಿಯುತ್ತಿದ್ದರಂತೆ. ಇಲ್ಲದವಳಿಗೆ ನಾಚಿಕೆಯಾಗಬಾರದೆಂದು ಉಳ್ಳವಳೂ ಎರವಲು ಉಡುಪನ್ನೇ ತೊಡತಕ್ಕದ್ದೆಂದು ನಿಯಮ.

ನಮ್ಮ ಸೀಮೆಯೇನು ಕಡಿಮೆ? ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆಗಳಿಲ್ಲದಿದ್ದರೂ ಹಿಂದೂಗಳೇ ಮೊಹರಮ್ ಆಚರಿಸುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನನು ಅವರಿಗೆ ಯಾವ ದಾಯಾದಿ?

ದುಃಖವನ್ನು ಗೆಲ್ಲಬೇಕೆನ್ನುವ ನಮ್ಮ ವೇದಾಂತಿಗಳನ್ನೂ ಗ್ರೀಸಿನ ಸ್ಟೋಯಿಕರನ್ನೂ ಇಲ್ಲಿ ಕರೆಯಲಾರೆ. ಅವರು ಹೇಳುವುದೇನೆಂದು ಅವರು ಬಾಯಿ ತೆರೆಯುವ ಮುನ್ನವೇ ಗೊತ್ತಿರುತ್ತದೆ. ಶೋಕದಲ್ಲಿಯೂ ಪ್ರೀತಿ ಬೆಳೆಯುತ್ತದೆಂಬ ನನ್ನ ವಾದಕ್ಕೆ ನಿಜವಾದ ಎದುರಾಳಿ ತತ್ತ್ವಜ್ಞಾನಿ ಸ್ಪಿನೋಜ. ಯೆಹೂದ್ಯ ಕುಲದಲ್ಲಿಯೇ ಹುಟ್ಟಿ, 1656ರಲ್ಲಿ ಆಮ್‌ಸ್ಟರ್‌ಡಾಮಿನ ಸ್ವಜನರಿಂದ ಬಹಿಷ್ಕೃತನಾಗಿ, ಮಸೂರಗಳನ್ನು ಉಜ್ಜುತ್ತ ಬದುಕಿದ ಆ ಮಹಾನುಭಾವನು, ದುಃಖವೆಂದರೆ ಮನುಷ್ಯನು ಹೆಚ್ಚಿನ ಪೂರ್ಣತೆಯಿಂದ ಕಡಿಮೆಯ ಪೂರ್ಣತೆಗೆ ಇಳಿಯುವುದೆಂದೂ, ಪ್ರೀತಿಯೆಂದರೆ ಹೊರಗಿನ ಕಾರಣವೊಂದರ ಅರಿವಿನೊಡನೆ ಕೂಡಿದ ಸಂತೋಷವೆಂದೂ, 1677ರಲ್ಲಿ ತನ್ನ ಮರಣಾನಂತರ ಪ್ರಕಟವಾದ ‘ನೀತಿಶಾಸ್ತ್ರ’ವೆಂಬ ಗ್ರಂಥದಲ್ಲಿ ನಿರೂಪಿಸಿದನು. ಇವೆರಡನ್ನು ಒಪ್ಪಿದ ಮೇಲೆ ಶೋಕದೊಳಗೆ ಪ್ರೀತಿಯನ್ನು ಹುಡುಕುವುದು ಇಳಿಜಾರಿನಲ್ಲಿ ಏರನ್ನು ಹುಡುಕಿದಂತೆ. ಕಾರಣವಿಲ್ಲದ ಪ್ರೀತಿಯೆಂಬುದಂತೂ ಅವನಿಗೆ ಅರ್ಥವಿಲ್ಲದ ಶಬ್ದ. ಅಷ್ಟಕ್ಕೇ ಬಿಡದೆ, ವಿವೇಕದಿಂದ ಬಾಳುವವನಲ್ಲಿ ಕನಿಕರವು ಸ್ವತಃ ಕೆಟ್ಟದ್ದು, ನಿರುಪಯುಕ್ತವಾದದ್ದು ಎಂದನು. ಕಣ್ಣೀರಿಗೆ ಕರಗಿದವನು ಆಮೇಲೆ ಪಶ್ಚಾತ್ತಾಪಪಡುತ್ತಾನೆಂಬುದು ಅವನ ಅನುಭವ.

ರಾಮದುರ್ಗದಲ್ಲಿ ನೇಕಾರರ ಓಣಿಯಲ್ಲಿ ನನ್ನ ಅಕ್ಕನ ಮನೆ. ಭಾವ ತೀರಿಕೊಂಡ ದಿನ ಓಣಿಯ ಮಗ್ಗಗಳೆಲ್ಲ ನಿಂತುವು. ಒಲೆ ಹೊತ್ತದ ಆ ಮನೆಗೆ ಮೊದಲು ರೊಟ್ಟಿ, ಝುಣಕ ಹೊತ್ತು ತಂದವಳು, ಗೋಡೆಯ ವ್ಯಾಜ್ಯದಿಂದಾಗಿ ಅನೇಕ ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯ ಹಿರಿಯಳು. ಇದೋ ಸ್ಪಿನೋಜನಿಗೆ ಉತ್ತರವೆಂದು ನಾನು ಹಿಗ್ಗಿದೆನು. ದಿನಕರ್ಮಗಳು ಮುಗಿದ ತರುವಾಯ ಗೋಡೆಯ ವ್ಯಾಜ್ಯ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿತು. ಕನಿಕರ ನಿರುಪಯುಕ್ತವೆಂದವನು ಗೆದ್ದನೆನ್ನಬೇಕು.

ಆದರೆ ಆಕೆ ರೊಟ್ಟಿ ತಂದುದು ಕನಿಕರದಿಂದಲೇ ಎಂದು ಯಾರು ಹೇಳಿದರು? ಸಾವಾದ ಮನೆಗೆ ನೆರೆಯವರು ಅನ್ನ ತರತಕ್ಕದ್ದೆಂಬುದು ರೂಢಿ. ಆಕೆಯ ಎದೆ ಆ ದಿನ ಕರಗಿತ್ತೋ ಕಲ್ಲಾಗಿತ್ತೋ, ರೊಟ್ಟಿಯಂತೂ ಬಂದಿತು. ಯೆಹೂದ್ಯರಲ್ಲಿಯೂ ಹೀಗೆಯೇ: ಮಣ್ಣು ಮಾಡಿ ಬಂದವರು ಮೊದಲ ಊಟವನ್ನು ಸ್ವಂತದ್ದು ಉಣ್ಣಕೂಡದು, ನೆರೆಯವರು ತಂದುದನ್ನೇ ಉಣ್ಣಬೇಕು, ದುಃಖಿತನು ತಾನಾಗಿ ಬಾಯಿ ತೆರೆಯುವವರೆಗೆ ಬಂದವರು ಮಾತಾಡಕೂಡದು. ಶೋಕಕಾಲದ ದಯೆ ಭಾವವಲ್ಲ, ನಿಯಮ. ಭಾವದ ಚಾಂಚಲ್ಯವನ್ನು ಕುರಿತು ಸ್ಪಿನೋಜನು ಆಡಿದುದು ಇದಕ್ಕೆ ತಗಲದು. ಕನಿಕರದಿಂದಾಗಲಿ ವಿವೇಕದಿಂದಾಗಲಿ ನೆರವಿಗೆ ಬಾರದವನು ಮನುಷ್ಯನಂತಿಲ್ಲವೆಂದು ಅವನೇ ಒಪ್ಪಿದ್ದಾನೆ. ಇವೆರಡರ ನಡುವೆ ರೂಢಿಯೆಂಬ ಮೂರನೆಯದೊಂದಿದೆ ಎಂಬುದನ್ನು ಮಾತ್ರ ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಇಲ್ಲಿಗೇ ನಿಲ್ಲಬಹುದಾಗಿತ್ತು. ನಿಲ್ಲಗೊಡದಿರುವುದು ನನ್ನ ಅಕ್ಕನ ಕೈ. ರೊಟ್ಟಿ ತಂದ ರೂಢಿಯೇ ಅವಳ ಬಳೆಗಳನ್ನೂ ಒಡೆಸಿತು. ಒಡೆದವರು ಕ್ರೂರಿಗಳಲ್ಲ, ನಿಯಮವನ್ನು ಪಾಲಿಸಿದವರು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ದೇವಿಗೂ ಇದೇ ವಿಧಿ: ಪತಿ ಜಮದಗ್ನಿಯು ಹತನಾದುದರ ನೆನಪಿಗೆ ಹೊಸ್ತಿಲ ಹುಣ್ಣಿಮೆಯಂದು, ಜನ ರಂಡಿ ಹುಣ್ಣಿಮೆಯೆಂದು ಕರೆಯುವ ಅಂದು, ಬಳೆ ಒಡೆಯುತ್ತಾರೆ. ಆದರೆ ಮಾಘದ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ. ದೇವಿಯ ಶೋಕಕ್ಕೆ ಗಡುವುಂಟು, ಅಕ್ಕನದಕ್ಕಿಲ್ಲ. ಮೃತನಿಗಾಗಿ ಏಳು ದಿನ, ಮೂವತ್ತು ದಿನ, ತಂದೆತಾಯಿಗಳಿಗಾದರೆ ಹನ್ನೆರಡು ತಿಂಗಳು ಎಂದು ಮಿತಿ ಹಾಕಿ, ಅದಕ್ಕೂ ಮೀರಿ ಅಳುವವನನ್ನು ಗದರಿಸಿದ ಯೆಹೂದ್ಯ ಶಾಸ್ತ್ರಕಾರರು ನಮ್ಮವರಿಗಿಂತ ಬಲ್ಲವರೆನಿಸುತ್ತದೆ. ಹಾಗೆಂದು, ಮುಗಿಯುವ ಶೋಕವೇ ದಯೆಯ ಶೋಕವೆಂದು ಸೂತ್ರ ಹಾಕಹೊರಟರೆ, ಅವರ ಆವ್ ಮಾಸದ ಅಳು ಹತ್ತೊಂಬತ್ತು ಶತಮಾನಗಳಾದರೂ ಮುಗಿದಿಲ್ಲ, ಕರ್ಬಲಾದ್ದೂ ಮುಗಿದಿಲ್ಲ.

ಭಾರತ ಹುಣ್ಣಿಮೆಗೆ ಅಕ್ಕ ತಪ್ಪದೆ ಗುಡ್ಡಕ್ಕೆ ಹೋಗುತ್ತಾಳೆ. ಹೋಗಿ ನೋಡುವುದೇನೆಂದು ಕೇಳಿದುದಕ್ಕೆ, “ಆಕಿಗ್ಯಾದ್ರೂ ಬಳಿ ಬಂದ್ವಲ್ಲೋ ತಮ್ಮಾ,” ಎಂದಳು. ಅನ್ಯಳ ಭಾಗ್ಯಕ್ಕೆ ಈ ಹರ್ಷ. ಸ್ಪಿನೋಜನ ಲಕ್ಷಣದಂತೆಯೂ ಪ್ರೀತಿಯೇ, ಅವನ ತರ್ಕದಂತೆ ಇರಲಾಗದ ಕಡೆ ಇರುವ ಪ್ರೀತಿ. ಆದರೆ ಇಂಥ ಔದಾರ್ಯವನ್ನು ಸಾಕ್ಷಿಯಾಗಿ ಎಳೆತಂದು ಅವಳ ಬರಿಗೈಯನ್ನು ಸಮರ್ಥಿಸುವ ಧಾರ್ಷ್ಟ್ಯ ನನಗಿಲ್ಲ. ಬೈಲಹೊಂಗಲದಲ್ಲಿ ಮಲಗಿರುವ ಚೆನ್ನಮ್ಮನೂ ಮಲ್ಲಸರ್ಜನ ವಿಧವೆಯೇ. ಅವಳ ಕೈಯ ಕತ್ತಿಗೆ ಕೈಮುಗಿಯುವ ನಾವು ಮನೆಯ ವಿಧವೆಯನ್ನು ಅರಿಶಿನ ಕುಂಕುಮದ ತಟ್ಟೆಯಿಂದ ದೂರ ನಿಲ್ಲಿಸುತ್ತೇವೆ.

ಅಳುವ ಹಬ್ಬಗಳು ಇರಲಿ, ಬಳೆ ಒಡೆಯುವ ಪದ್ಧತಿ ಹೋಗಲಿ ಎಂದು ನನ್ನ ಆಸೆ. ಒಂದೇ ರೂಢಿಯಿಂದ ಹುಟ್ಟಿದ ಇವೆರಡರಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಕಳೆಯಲು ಬರುವುದೋ ಇಲ್ಲವೋ ನಿರ್ಣಯಿಸಲಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ತಮ್ಮ ಮನೆಯ ವಿಧವೆಗೆ ಬಳೆ ತೊಡಿಸಿಯೂ ಓಣಿಯ ರೊಟ್ಟಿಯನ್ನು ಉಳಿಸಿಕೊಂಡವರು ಯಾರಾದರೂ ಇದ್ದರೆ, ಅದನ್ನು ಹೇಗೆ ಸಾಧಿಸಿದರೆಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಬೇಕು.