ನಗೆ ಮತ್ತು ನೆತ್ತರು

ಹಿಂಸೆಯನ್ನು ಕಂಡು ನಗುವುದು ತಪ್ಪೆ? ಪಂದಲೂರಿನ ಚಹಾ ತೋಟಗಳ ನಡುವೆ ಕುಳಿತು ‘ರೋಬೋಕಾಪ್’ ಚಿತ್ರವನ್ನು ನೋಡಿದಾಗ ಈ ಪ್ರಶ್ನೆ ನಮ್ಮನ್ನು ಕಾಡಿತು.

1987ರಲ್ಲಿ ಪಾಲ್ ವರ್ಹೋವೆನ್ ನಿರ್ದೇಶಿಸಿದ ಆ ಚಿತ್ರದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸು ಇಲಾಖೆ ಖಾಸಗಿ ಕಂಪೆನಿಯೊಂದರ ಕೈಸೇರಿದೆ. ಕಂಪೆನಿಯ ಸಭೆಯಲ್ಲಿ ಹೊಸ ಕಾವಲು ಯಂತ್ರದ ಪರೀಕ್ಷೆ ನಡೆಯುತ್ತದೆ. ಯಂತ್ರದ ಅಪ್ಪಣೆಯಂತೆ ತರುಣ ಅಧಿಕಾರಿಯೊಬ್ಬ ಪಿಸ್ತೂಲನ್ನು ಕೆಳಗೆಸೆಯುತ್ತಾನೆ. ಆದರೂ ಯಂತ್ರ ಅವನನ್ನು ಗುಂಡಿಟ್ಟು ಕೊಲ್ಲುತ್ತದೆ. ಇದೊಂದು ಸಣ್ಣ ದೋಷವೆನ್ನುತ್ತಾನೆ ಯೋಜನೆಯ ಮುಖ್ಯಸ್ಥ. ಅಧ್ಯಕ್ಷನಿಗೋ, ಕೆಲಸ ತಡವಾದರೆ ತೆರಬೇಕಾದ ಬಡ್ಡಿಯ ಚಿಂತೆ!

ನಾವು ನಕ್ಕೆವು. ಆ ನಗೆ ಸತ್ತವನನ್ನು ಕುರಿತದ್ದಾಗಿದ್ದರೆ ನಾವೂ ಆ ಸಭೆಯ ಸದಸ್ಯರೇ ಸರಿ. ಹೆಣದ ಮುಂದೆ ನಿಂತು ಬಡ್ಡಿಯೆಣಿಸುವ ಬುದ್ಧಿಯನ್ನು ಕುರಿತದ್ದಾಗಿದ್ದರೆ ಅದು ವಿಡಂಬನೆಯ ಫಲ. ಅಲ್ಲಿ ನೆತ್ತರು ಹೇರಳವಾಗಿದ್ದರೂ ಅದಕ್ಕೆ ಹೊಣೆ ಯಾರೆಂಬುದನ್ನು ಚಿತ್ರ ಮರೆಸುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. 2010ರಲ್ಲಿ ಬಂದ ಶಂಕರ್ ಅವರ ತಮಿಳು ಚಿತ್ರ ‘ಎಂದಿರನ್’ನಲ್ಲಿ ರಜನೀಕಾಂತರ ರೂಪದ ಯಂತ್ರಗಳೆಲ್ಲ ಒಟ್ಟುಗೂಡಿ ದೊಡ್ಡ ಚೆಂಡಾಗಿ ಉರುಳುತ್ತ ಗುಂಡಿನ ಮಳೆಗರೆಯುತ್ತವೆ. ಆಗ ನಾವು ಚಪ್ಪಾಳೆ ತಟ್ಟಿದೆವು. ಕೊನೆಗೆ ಚಿಟ್ಟಿ ಎಂಬ ಯಂತ್ರ ನ್ಯಾಯಾಲಯದ ಆಜ್ಞೆಯಂತೆ ತನ್ನ ಅಂಗಗಳನ್ನು ತಾನೇ ಬಿಚ್ಚಿಟ್ಟಾಗ ನಮ್ಮ ಕಣ್ಣು ತೇವವಾಯಿತು. ಆದರೆ ಆ ಗುಂಡುಗಳಿಗೆ ಬಿದ್ದ ಪೊಲೀಸರಲ್ಲಿ ಒಬ್ಬನ ಮುಖವೂ ನಮಗೆ ನೆನಪಿಲ್ಲ.

ಯಂತ್ರಕ್ಕೆ ಕರುಣೆಯಿಲ್ಲವೆಂದು ದೂರುವ ಮೊದಲು ನಮ್ಮ ಕಣ್ಣೀರು ಯಾರಿಗಾಗಿ ಹರಿಯಿತೆಂದು ಕೇಳಿಕೊಳ್ಳುವುದು ಲೇಸು.