ಸ್ವಪಕ್ಷದ ದೋಷವನ್ನು ನುಡಿದವರು

ಪರಪಕ್ಷದ ದೋಷವನ್ನು ಎತ್ತಿ ಆಡಲು ಹೆಚ್ಚಿನ ಧೈರ್ಯ ಬೇಕಿಲ್ಲ. ಸುತ್ತಲಿನವರ ಮೆಚ್ಚುಗೆ ಒಡನೆಯೇ ದೊರೆಯುತ್ತದೆ. ತನ್ನವರ ದೋಷವನ್ನು ತನ್ನವರ ಎದುರಿಗೇ ಹೇಳುವುದು ಕಠಿನ. ಹಾಗೆ ಹೇಳಿದವನು ದ್ರೋಹಿಯೋ ಹಿತೈಷಿಯೋ ಎಂಬ ಪ್ರಶ್ನೆ ಬಹು ಹಳೆಯದು. ಹೇಳುವವನ ಜೀವನೋಪಾಯವೂ ಆ ಪಕ್ಷದ ಅಭಿಮಾನಿಗಳ ದಾನದಿಂದಲೇ ನಡೆಯುತ್ತಿದ್ದರೆ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಅಮೆರಿಕದ ‘ಚಿಂತಕರ ಚಾವಡಿ’ಗಳಲ್ಲಿ ನಡೆದ ಕೆಲವು ಪ್ರಸಂಗಗಳು ಇದಕ್ಕೆ ನಿದರ್ಶನ.

ಬ್ರೂಸ್ ಬಾರ್ಟ್‌ಲೆಟ್ ಅಧ್ಯಕ್ಷ ರೇಗನ್ನರ ಆಡಳಿತದಲ್ಲಿ ಸೇವೆ ಸಲ್ಲಿಸಿದ ಆರ್ಥಿಕ ನೀತಿತಜ್ಞರು. ಸರ್ಕಾರದ ವೆಚ್ಚ ಮಿತವಾಗಿರಬೇಕೆಂಬುದು ಅವರ ರಿಪಬ್ಲಿಕನ್ ಪಕ್ಷ ಸಾರುತ್ತ ಬಂದ ತತ್ತ್ವ. ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಆ ತತ್ತ್ವವನ್ನೇ ಕೈಬಿಟ್ಟರೆಂದು ಅವರು ಗ್ರಂಥವೊಂದನ್ನು ಬರೆದರು. ಅದು 2006ರಲ್ಲಿ ಪ್ರಕಟವಾಯಿತು. ಆದರೆ 2005ರಲ್ಲಿಯೇ, ಗ್ರಂಥ ಹೊರಬರುವ ಮೊದಲೇ, ಅವರಿದ್ದ ಡಲ್ಲಾಸಿನ ನ್ಯಾಷನಲ್ ಸೆಂಟರ್ ಫಾರ್ ಪಾಲಿಸಿ ಅನಾಲಿಸಿಸ್ ಅವರನ್ನು ಕೆಲಸದಿಂದ ತೆಗೆದುಹಾಕಿತು.

ಡೇವಿಡ್ ಫ್ರಮ್ ಅದೇ ಬುಷ್ ಅವರಿಗೆ ಭಾಷಣಗಳನ್ನು ಬರೆದುಕೊಡುತ್ತಿದ್ದವರು. 2010ರ ಮಾರ್ಚ್ 21ರಂದು ಡೆಮಾಕ್ರಟಿಕ್ ಪಕ್ಷದ ಆರೋಗ್ಯವಿಮಾ ಮಸೂದೆ ಪ್ರತಿನಿಧಿಸಭೆಯಲ್ಲಿ ಅಂಗೀಕಾರವಾಯಿತು. ಸಂಧಾನಕ್ಕೆ ಒಪ್ಪದೆ ಬರಿಯ ವಿರೋಧವನ್ನೇ ಹಿಡಿದದ್ದರಿಂದ ತಮ್ಮ ಪಕ್ಷಕ್ಕೆ ಈ ಸೋಲೊದಗಿತೆಂದು ಫ್ರಮ್ ಬರೆದರು. ನಾಲ್ಕೇ ದಿನಗಳಲ್ಲಿ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟಿನಲ್ಲಿ ಅವರ ಸ್ಥಾನ ಹೋಯಿತು. ವೇತನವಿಲ್ಲದೆ ಮುಂದುವರಿಯಬಹುದೆಂಬ ಸೂಚನೆಯನ್ನು ಅವರು ಒಪ್ಪಲಿಲ್ಲ. ದಾನಿಗಳ ಒತ್ತಡವೇ ಕಾರಣವೆಂಬ ಮಾತನ್ನು ಅಲ್ಲಿನ ವಿದ್ವಾಂಸ ಚಾರ್ಲ್ಸ್ ಮರ್ರೆ ನಿರಾಕರಿಸಿದರು.

ಇದು ಒಂದೇ ಪಕ್ಷದ ರೋಗವಲ್ಲ. 2017ರ ಜೂನ್‌ನಲ್ಲಿ ಯುರೋಪಿನ ಒಕ್ಕೂಟವು ಗೂಗಲ್ ಕಂಪನಿಗೆ 242 ಕೋಟಿ ಯೂರೊ ದಂಡ ವಿಧಿಸಿದಾಗ, ಎಡಪಂಥದತ್ತ ಒಲವುಳ್ಳ ನ್ಯೂ ಅಮೆರಿಕ ಸಂಸ್ಥೆಯ ಬ್ಯಾರಿ ಲಿನ್ ಅದನ್ನು ಶ್ಲಾಘಿಸಿದರು. ಗೂಗಲ್ ಆ ಸಂಸ್ಥೆಯ ದಾನಿಗಳಲ್ಲೊಂದು. ಕೆಲವೇ ವಾರಗಳಲ್ಲಿ ಲಿನ್ ಸಂಸ್ಥೆಯಿಂದ ಹೊರಗಾದರು. ಸಂಸ್ಥೆ ಮಾತ್ರ, ಅವರ ಅಭಿಪ್ರಾಯವಲ್ಲ, ನಡವಳಿಕೆಯೇ ಕಾರಣವೆಂದಿತು.

ಸಂಸ್ಥೆಗಳ ಪರವಾದ ವಾದವನ್ನೂ ಆಲಿಸಬೇಕು. ದಾನಿಯು ಒಂದು ಉದ್ದೇಶವನ್ನು ನಂಬಿ ಹಣ ಕೊಟ್ಟಿರುತ್ತಾನೆ. ಆ ಉದ್ದೇಶವನ್ನು ಕೆಡಿಸುವವನಿಗೆ ಅದೇ ಹಣದಿಂದ ವೇತನ ಕೊಡಬೇಕೆಂಬ ನಿಯಮವಿಲ್ಲ. ಮಾತನಾಡುವ ಸ್ವಾತಂತ್ರ್ಯವೆಂದರೆ ಉದ್ಯೋಗದ ಖಾತರಿಯಲ್ಲ.

ಆದರೆ ಉದ್ದೇಶವೆಂದರೆ ಯಾವುದು? ಬಾರ್ಟ್‌ಲೆಟ್ ತತ್ತ್ವವನ್ನು ಬಿಡಲಿಲ್ಲ; ತತ್ತ್ವವನ್ನು ಬಿಟ್ಟ ನಾಯಕನನ್ನು ಪ್ರಶ್ನಿಸಿದರು. ತತ್ತ್ವನಿಷ್ಠೆಗೂ ವ್ಯಕ್ತಿನಿಷ್ಠೆಗೂ ವಿರೋಧ ಬಂದಾಗ ವ್ಯಕ್ತಿಯನ್ನು ಆರಿಸಿಕೊಂಡ ಸಂಸ್ಥೆಯೇ ದಾನಿಯ ಉದ್ದೇಶವನ್ನು ಮರೆತದ್ದೆಂದು ಹೇಳಬೇಕಾಗುತ್ತದೆ. ಮೇಲಾಗಿ, ಅಮೆರಿಕದಲ್ಲಿ ಇಂತಹ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಇದೆ. ದಾನಿಗಳಿಗೂ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತದೆ. ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ಕೆಲಸಮಾಡಕೂಡದೆಂಬ ನಿರ್ಬಂಧವೂ ಇದೆ. ಲೋಕಹಿತಕ್ಕಾಗಿ ಅಧ್ಯಯನ ನಡೆಸುತ್ತೇವೆಂಬ ಮಾತಿಗೆ ಸಮಾಜ ಸಲ್ಲಿಸಿದ ಬೆಲೆ ಅದು. ಆ ಬೆಲೆಯನ್ನು ಪಡೆದ ಮೇಲೆ ಅಹಿತವಾದ ನಿರ್ಣಯವನ್ನು ಹೊರದೂಡುವುದು ಕೊಟ್ಟ ಮಾತಿಗೆ ತಪ್ಪಿದಂತೆ.

ಹೊರಬಂದವರ ನಷ್ಟ ಎಲ್ಲರಿಗೂ ಕಾಣುತ್ತದೆ. ಫ್ರಮ್ ಬೇರೆಡೆ ಬರೆಯುತ್ತಲೇ ಹೋದರು. ಒಳಗೆ ಉಳಿದವರ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಒಬ್ಬನ ಗತಿಯನ್ನು ಕಂಡ ಸಹೋದ್ಯೋಗಿಗಳು ಮುಂದೆ ಪ್ರತಿಯೊಂದು ವಾಕ್ಯವನ್ನೂ ಅಳೆದು ಬರೆಯತೊಡಗಿದರೆ, ಸಂಸ್ಥೆಯ ನಿಜವಾದ ಮಾತಿನ ಬೆಲೆಯೂ ಕುಗ್ಗುತ್ತದೆ. ಅದು ವಿಚಾರದಿಂದ ಬಂದದ್ದೋ ಭಯದಿಂದ ಬಂದದ್ದೋ ಎಂದು ತಿಳಿಯುವ ಬಗೆಯೇ ಉಳಿಯುವುದಿಲ್ಲ.

ಆದುದರಿಂದ ಪರರ ದಾನದಿಂದ ನಡೆಯುವ ಯಾವುದೇ ಸಂಸ್ಥೆಯ ಹೊಣೆ ಹೊತ್ತವರು ಮೂರು ವಿಷಯಗಳನ್ನು ಪರಿಶೀಲಿಸುವುದು ಯುಕ್ತ: ಟೀಕಿಸಿದವನು ಹೇಳಿದ್ದು ಸತ್ಯವೇ? ಸಂಸ್ಥೆಯ ಮೂಲ ಉದ್ದೇಶಕ್ಕೆ ಅದರಿಂದ ಹಾನಿಯೋ, ಅಥವಾ ಕೆಲವರ ಪ್ರತಿಷ್ಠೆಗೆ ಮಾತ್ರವೋ? ಇದೇ ಮಾತನ್ನು ಪರಪಕ್ಷದ ಬಗ್ಗೆ ಆಡಿದ್ದರೆ ಅವನನ್ನು ಸನ್ಮಾನಿಸುತ್ತಿದ್ದರೇ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ, ಶಿಕ್ಷೆಯ ಆಜ್ಞೆಗೆ ಸಹಿ ಹಾಕುವ ಕೈ ಕ್ಷಣಕಾಲ ತಡೆಯುವುದು ಒಳಿತು.