ಹರಿಹರೇಶ್ವರನಿಗೆ ಬಾಡದ ಹೂವು

ಹರಿಹರದ ತುಂಗಭದ್ರೆಯ ದಂಡೆಯಲ್ಲಿರುವ ಹರಿಹರೇಶ್ವರನ ಮೂರ್ತಿಯಲ್ಲಿ ಒಂದು ಪಾಲು ಶಿವ, ಇನ್ನೊಂದು ಪಾಲು ವಿಷ್ಣು. ಒಬ್ಬನಿಗೆ ಬಿಲ್ವ ಪ್ರಿಯ, ಇನ್ನೊಬ್ಬನಿಗೆ ತುಳಸಿ. ಶಿವಪೂಜೆಗೆ ಕೇದಗೆ ಮಾತ್ರ ಸಲ್ಲದು. ಲಿಂಗದ ತುದಿ ಕಂಡೆನೆಂದ ಬ್ರಹ್ಮನಿಗೆ ಅದು ಸುಳ್ಳು ಸಾಕ್ಷಿ ಹೇಳಿತಂತೆ. ಅದೇ ಪುರಾಣಕಥೆಯಲ್ಲಿ, ಬುಡ ಸಿಗಲಿಲ್ಲವೆಂದು ಒಪ್ಪಿಕೊಂಡವನು ವಿಷ್ಣು.

ಹಾಗಾದರೆ ಕೈಯಲ್ಲಿ ಮಾಡಿದ ಹೂವು? ಅರಳದೆಯೇ ಅರಳಿದಂತೆ ತೋರುವುದೂ ಸುಳ್ಳು ಸಾಕ್ಷಿಯಲ್ಲವೇ?

ಮದುವೆಯ ಬಾಸಿಂಗ ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಜೌಗಿನಲ್ಲಿ ಬೆಳೆಯುವ ಬೆಂಡಿನ ಗಿಡದ ಸಿಪ್ಪೆ ಹೆರೆದರೆ ಒಳಗೆ ಹಗುರವಾದ ಬಿಳಿ ತಿರುಳು. ಹರಿತವಾದ ಕತ್ತಿಯಿಂದ ಅದನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಅಂಚು ಕತ್ತರಿಸಿ, ಸುತ್ತಿ ದಾರ ಬಿಗಿದರೆ ಎಸಳು ಬಿಚ್ಚಿಕೊಳ್ಳುತ್ತವೆ. ವಧೂವರರ ಹಣೆಗೆ ಕಟ್ಟುವಾಗ ಅದು ಬೆಂಡೆಂದು ಇಡೀ ಚಪ್ಪರಕ್ಕೆ ಗೊತ್ತು. ಅಲ್ಲಿ ಯಾರಿಗೂ ಮೋಸವಾಗಿಲ್ಲ.

ತೊಡಕಿರುವುದು ಬೇರೆಡೆ. ದೇವರಿಗೆ ಏರಿಸಿದ ಹೂವು ಮರುದಿನ ನಿರ್ಮಾಲ್ಯವಾಗಿ ಇಳಿಯಬೇಕು. ಬಾಡುವುದನ್ನು ಅದು ಅರಳಿರುವಾಗಲೇ ಬಿಟ್ಟುಕೊಡುವುದರಲ್ಲಿ ಅರ್ಪಣೆಯಿದೆ. ಬಟ್ಟೆಯ ಹೂವನ್ನು ಒಗೆದು ಮತ್ತೆ ಏರಿಸಬಹುದು, ಅಂದರೆ ಅದನ್ನು ಪೂರ್ತಿಯಾಗಿ ಕೊಟ್ಟಂತಾಗುವುದೇ ಇಲ್ಲ. ಮಾಡಿದವರ ಕಣ್ಣು, ಬೆರಳು, ಹೊತ್ತು ಸವೆದಿರುತ್ತವೆ ನಿಜ. ಆ ಸೇವೆ ದೊಡ್ಡದೇ, ಆದರೆ ಅದು ಅಲಂಕಾರದ ಸೇವೆ.

ಅಲಂಕಾರಕ್ಕೆ ಗುಡಿಯಲ್ಲೇ ಜಾಗವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಈ ದೇಗುಲದ ಮಂಟಪದ ಚಾವಣಿಯಲ್ಲಿ ಕಲ್ಲಿನ ತಾವರೆಗಳಿವೆ. ದಾವಣಗೆರೆಯ ಮನೆಗಳಲ್ಲೂ ಇದೇ ವಿವೇಕ ಕಾಣುತ್ತದೆ: ಹಬ್ಬದ ದಿನ ಬಾಗಿಲಿಗೆ ಬಟ್ಟೆ ಹೂವಿನ ತೋರಣ ಕಟ್ಟಿದವರೇ ದೇವರ ಜಗಲಿಗೆಂದು ಮಾರುಕಟ್ಟೆಯಿಂದ ಸೇವಂತಿಗೆಯನ್ನು ಮಾರುಗಟ್ಟಲೆ ತರುತ್ತಾರೆ.